ಮುಟ್ಟದೆ ಬೆಳೆದ ಮೂರು ಗಿಡ

ಮೇಘನಾ, ಚೇತು,

ನಾನು ಅಮೆರಿಕದಿಂದ ಬಂದಾಗಿನಿಂದ ನೀವಿಬ್ಬರೂ "ಏನು ನೋಡಿದೆ ಅಜ್ಜಿ, ಹೇಳು" ಅಂತ ಪೀಡಿಸುತ್ತಲೇ ಇದ್ದೀರಿ. ವಾಷಿಂಗ್ಟನ್ನಿನ ಬಿಳಿ ಗುಮ್ಮಟದ ಫೋಟೋ ತೋರಿಸಿ ತಪ್ಪಿಸಿಕೊಂಡೆ. ನಾಲ್ಕು ಜನ ಕೂತಲ್ಲಿ ನನಗೆ ಮಾತು ಬರುವುದಿಲ್ಲ, ಬರೆಯಲು ಕೂತರೆ ಬಂದೀತು. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಳ್ಳಿ. ನಿಮ್ಮಪ್ಪ "ಅದನ್ನೆಲ್ಲ ಯಾಕಮ್ಮ ಬರೀತೀಯ" ಅಂದ. ನಿಮ್ಮಮ್ಮ "ಬರೀರಿ ಅತ್ತೆ, ಇಬ್ಬರಿಗೂ ಓಟು ಹಾಕೋ ವಯಸ್ಸಾಗಿದೆ" ಅಂದಳು. ಸೊಸೆಯ ಮಾತು ಕೇಳಿದೆ.

ವಿಷಯ ಇಷ್ಟೇ. ನಾನು ಅಮೆರಿಕಕ್ಕೆ ಹೋಗಿ ಒಂದು ಬೆಳೆ ತೆಗೆದು ಬಂದೆ. ಭಂಗಿ ಗಿಡದ ಬೆಳೆ. ಗಾಂಜಾ ಅಂದರೂ ಅದೇ. ನಮ್ಮ ಕಡೆ ಜೋಳದ ಸಾಲಿನ ನಡುವೆ ಅದನ್ನು ಹಾಕಿದವನನ್ನು ಪೊಲೀಸರು ಜೀಪಿನಲ್ಲಿ ಕೂರಿಸಿಕೊಂಡು ಹೋದದ್ದು ನೀವೂ ನೋಡಿದ್ದೀರಿ. ನಾನೂ ಆ ಜೀಪನ್ನು ನೆನೆದೇ ಹೆದರಿದ್ದೆ. ಆದರೂ ಬೆಳೆದೆ, ಅದೂ ಒಂದು ಎಲೆಯನ್ನೂ ಬೆರಳಲ್ಲಿ ಮುಟ್ಟದೆ. ಹೇಗೆ ಅಂತ ಕೇಳಿ.

ಆಲ್ಡಿ: ಬೇಲಿಯ ಒಳಗೆ

ನನ್ನ ತಂಗಿ ಸರಸ, ನಿಮ್ಮ ಚಿಕ್ಕಜ್ಜಿ, ನರ್ಸ್ ಕೆಲಸಕ್ಕೆ ಆ ದೇಶಕ್ಕೆ ಹೋದಾಗ ನಿಮ್ಮಪ್ಪ ಇನ್ನೂ ಚಡ್ಡಿ ಹಾಕುತ್ತಿದ್ದ. ಅವಳ ಸಂಸಾರ ಒಡೆದು ಬಹಳ ವರ್ಷವಾಯಿತು. ಮಗಳನ್ನು ಒಬ್ಬಳೇ ಸಾಕಿ, ಮದುವೆ ಮಾಡಿ, ಈಗ ನಿವೃತ್ತಿಯಾಗಿ ವರ್ಜೀನಿಯಾದ ಆಲ್ಡಿ ಅನ್ನುವ ಕಡೆ ಇದ್ದಾಳೆ. ವಾಷಿಂಗ್ಟನ್ನಿಗೆ ಕಾರಿನಲ್ಲಿ ಹೋಗಿಬರುವಷ್ಟು ಹತ್ತಿರ. ಊರೆಂದರೆ ಊರಲ್ಲ, ಒಂದೇ ಅಚ್ಚಿನಲ್ಲಿ ಹೊಯ್ದಂಥ ಮನೆಗಳ ಸಾಲು. ಬೀದಿಯಲ್ಲಿ ಮನುಷ್ಯರು ಕಾಣುವುದಿಲ್ಲ, ಕಾರು ಮಾತ್ರ.

ಹೋದ ಮೊದಲ ವಾರವೇ ಒಂದು ಸುತ್ತು ನಡೆದು ಬರೋಣವೆಂದು ಹೊರಟು, ತಿರುಗಿ ಬಂದು ಬಾಗಿಲ ಹಿಡಿಕೆ ಹಿಡಿದು ಅಲ್ಲಾಡಿಸಿದೆ. ಒಳಗಿಂದ ಆರಡಿ ಎತ್ತರದ, ಕಪ್ಪು ಬಣ್ಣದ, ತಲೆ ತುಂಬ ನರೆತ ಗಂಡಸೊಬ್ಬರು ಬಾಗಿಲು ತೆರೆದರು. ಬೇರೆಯವರ ಮನೆ! ಸುಮ್ಮನೆ ಕೈ ಮುಗಿದೆ. ಅವರು ಒಂದು ಗಳಿಗೆ ನೋಡಿ, ತಾವೂ ಕೈ ಮುಗಿದು, ಪಕ್ಕದ ಮನೆಯತ್ತ ಬೆರಳು ತೋರಿಸಿದರು. ಅವರೇ ಅರ್ಲ್. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಟೊಮೆಟೊ ಬೆಳೆಯುತ್ತಾ ಒಬ್ಬರೇ ಇದ್ದಾರೆ. ಸರಸನಿಗೆ ಭಂಗಿ ಬೀಜ ಕೊಟ್ಟವರೂ ಅವರೇ. ಅಲ್ಲಿ ಮಾರುವ ಹಾಗಿಲ್ಲವಂತೆ, ಉಡುಗೊರೆಯಾಗಿ ಕೊಡಬಹುದಂತೆ.

ಸರಸನಿಗೆ ಕೀಲುವಾತ. ಬೆರಳ ಗೆಣ್ಣುಗಳು ಹಸಿ ಅರಿಶಿನದ ಕೊಂಬಿನ ಹಾಗೆ ಊದಿಕೊಂಡಿವೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಚಳಿ ಬಂತೆಂದರೆ ಮಲಗಲು ಆಗುವುದಿಲ್ಲ. ಹಿಂದಿನ ಚಳಿಗಾಲ ಪೂರ್ತಿ ಕುರ್ಚಿಯಲ್ಲೇ ಬೆಳಗು ಮಾಡಿದಳಂತೆ. ಡಾಕ್ಟರರೇ ಒಪ್ಪಿ, ಸ್ವಲ್ಪ ಭಂಗಿ ಮದ್ದು ತೆಗೆದುಕೊಂಡು ನೋಡಿ ಅಂದಿದ್ದರು. ಅಂಗಡಿಯ ಮದ್ದು ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರುತ್ತಿರಲಿಲ್ಲ. ತನಗೆ ಒಗ್ಗಿದ ಒಂದೇ ಜಾತಿಯನ್ನು ತಾನೇ ಬೆಳೆದುಕೊಂಡರೆ ಮುಂದಿನ ಚಳಿಗಾಲಕ್ಕೆ ನಿದ್ದೆ ಆದೀತು ಅನ್ನುವುದು ಅವಳ ಆಸೆ. ನನ್ನನ್ನು ಕರೆಸಿಕೊಂಡದ್ದು ಅದಕ್ಕೆ.

ವರ್ಜೀನಿಯಾದಲ್ಲಿ ಕಾನೂನು ಒಂದು ಮನೆಗೆ ನಾಲ್ಕು ಗಿಡ ಬೆಳೆಯಲು ಬಿಡುತ್ತದೆ. ಬೀದಿಗೆ ಕಾಣಬಾರದು, ಚಿಕ್ಕವರ ಕೈಗೆ ಸಿಗಬಾರದು. ಪ್ರತಿ ಗಿಡಕ್ಕೂ ಬೆಳೆಯುವವರ ಹೆಸರು, ಗುರುತಿನ ನಂಬರು ಬರೆದ ಚೀಟಿ ಕಟ್ಟಿರಬೇಕು. ಸರಸನ ಮನೆಯ ಹಿಂದೆ ಎತ್ತರದ ಮರದ ಬೇಲಿ, ಅದಕ್ಕೊಂದು ಬೀಗ. ಒಳಗೆ ನಾಲ್ಕು ದೊಡ್ಡ ಕುಂಡ. ಶಾಲೆಗೆ ಹೊರಟ ಮಕ್ಕಳ ಹಾಗೆ ನಾಲ್ಕೂ ಸಸಿ ಕತ್ತಿಗೆ ಚೀಟಿ ಹಾಕಿಕೊಂಡು ನಿಂತಿದ್ದವು.

ನೋಡಿದ ಕೂಡಲೇ ನಾನು ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತೆ. ಮಣ್ಣು ಗಟ್ಟಿಯಾಗಿತ್ತು, ಸಡಿಲ ಮಾಡಬೇಕಿತ್ತು.

"ಅಕ್ಕ, ಮುಟ್ಟಬೇಡ!" ಅಂತ ಕೂಗಿದಳು ಸರಸ.

"ಯಾಕೇ?"

"ಈ ರಾಜ್ಯದಲ್ಲಿ ಇದು ಸರಿ. ದೇಶದ ದೊಡ್ಡ ಕಾನೂನಲ್ಲಿ ಇನ್ನೂ ತಪ್ಪೇ. ನಾನು ಇಲ್ಲಿನ ಪ್ರಜೆ, ಹೇಗೋ ಆಗುತ್ತೆ. ನೀನು ವೀಸಾದ ಮೇಲೆ ಬಂದವಳು. ನೀರೂ ಹಾಕಬೇಡ, ಎಲೆನೂ ಕೀಳಬೇಡ."

"ಮತ್ತೆ ನನ್ನ ಯಾಕೆ ಕರೆಸಿದೆ?"

"ನಿನ್ನ ಬಾಯಿಗೆ."

"ನನ್ನ ಬಾಯಿಗಾ!"

"ಹೂಂ. ಹುಟ್ಟಿದಾಗಿನಿಂದ ಮುಚ್ಚಿಟ್ಟಿದ್ದೀಯಲ್ಲ, ಹೊಸದರ ಹಾಗೇ ಇರುತ್ತೆ. ನೀನು ಹೇಳು, ನಾನು ಮಾಡ್ತೀನಿ."

ಹೀಗೆ ನನ್ನ ಬೇಸಾಯ ಶುರುವಾಯಿತು. ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ನಾನು, ತೊಡೆಯ ಮೇಲೆ ಕಟ್ಟಿಕೊಂಡ ಕೈ. ಹೇಳುವುದು ಎಷ್ಟು ಕಷ್ಟ ಅಂತ ನನಗೆ ಆವತ್ತು ಗೊತ್ತಾಯಿತು. ನಿಮ್ಮ ತಾತ ಇದ್ದಾಗ ಸೇವಂತಿಗೆ ತೋಟದಲ್ಲಿ ನಾವಿಬ್ಬರೂ ಬೆಳಗಿಂದ ಸಂಜೆಯವರೆಗೆ ಒಂದು ಮಾತಿಲ್ಲದೆ ಕೆಲಸ ಮಾಡುತ್ತಿದ್ದೆವು. ಕೈ ಕೈಗೆ ಹೇಳುತ್ತಿತ್ತು. ಇಲ್ಲಿ ನನ್ನ ತಲೆಯಲ್ಲಿದ್ದದ್ದು ಅವಳ ನೊಂದ ಬೆರಳಿಗೆ ಮಾತಾಗಿ ಹೋಗಬೇಕು.

"ಕುಡಿ ಚಿವುಟು. ಅಷ್ಟು ಕೆಳಗಲ್ಲ, ಮೇಲಿಂದ ಎರಡನೇ ಗೆಣ್ಣಿಗೆ. ಸೇವಂತಿಗೆಗೆ ಮಾಡಲ್ವಾ, ಹಾಗೆ. ಪಕ್ಕಕ್ಕೆ ಒಡೀಲಿ."

"ನೋವಾಗುತ್ತೆ ಕಣೇ."

"ಗಿಡಕ್ಕಾ, ನಿಂಗಾ?"

"ನಂಗೆ!"

ಈ ಗಿಡದ ಹೆಸರು ಇಂಡಿಕಾ ಅಂತೆ. ನಮ್ಮ ದೇಶದ್ದು ಅಂತ ಅರ್ಥ. ಹಿಂದೂಕುಶ್ ಬೆಟ್ಟಗಳ ಚಳಿಗೆ ಒಗ್ಗಿದ ಜಾತಿ. ಅದಕ್ಕೇ ಕುಳ್ಳು, ಪೊದೆಯಂತೆ ಅಗಲ, ಎಲೆಯ ಬೆರಳುಗಳೂ ದಪ್ಪ. ಬೇಗ ಹೂ ಮುಗಿಸುತ್ತದೆ. ನಮ್ಮದರಲ್ಲಿ ಅದರ ರಕ್ತವೇ ಹೆಚ್ಚು, ಉಳಿದದ್ದು ಎತ್ತರಕ್ಕೆ ಹೋಗುವ ಇನ್ನೊಂದು ಜಾತಿಯದು. "ಇಂಡಿಕಾ ಅಂದ್ರೆ ನಿದ್ದೆ ಅಂತ ಎಲ್ಲರೂ ಹೇಳ್ತಾರೆ. ಅಷ್ಟು ಸುಲಭ ಅಲ್ಲ. ಒಂದೊಂದು ಮೈಗೆ ಒಂದೊಂದು ಥರ. ಇದು ನನ್ನ ಮೈಗೆ ಹೇಗೆ ಅಂತ ನಾನೇ ನೋಡಬೇಕು" ಅನ್ನುತ್ತಿದ್ದಳು ಸರಸ. ನರ್ಸಲ್ಲವೇ, ಯಾವುದನ್ನೂ ಪೂರ್ತಿ ನಂಬುವವಳಲ್ಲ.

ಜುಲೈನಲ್ಲಿ ಒಂದು ಗಿಡದ ಗೆಣ್ಣಿನಲ್ಲಿ ಸಣ್ಣ ಉಂಡೆಗಳು ಕಂಡವು. ಪರಂಗಿಯಲ್ಲಿ ಇರುವ ಹಾಗೆ ಇದರಲ್ಲೂ ಗಂಡು ಬೇರೆ, ಹೆಣ್ಣು ಬೇರೆ. ಗಂಡು ಉಳಿದರೆ ಹೆಣ್ಣೆಲ್ಲ ಬೀಜ ಕಟ್ಟಿ ಕೆಡುತ್ತದೆ. ಅರ್ಲ್ ಬಂದು ನೋಡಿ ಗಂಡೇ ಎಂದು ತಲೆಯಾಡಿಸಿದರು, ಸರಸ ಕಿತ್ತಳು. ಮೂರು ಉಳಿದವು.

ನನ್ನ ಕೈಗೆ ಸಿಕ್ಕಿದ್ದು ಒಂದೇ ಕೆಲಸ. ಆ ಕುಂಡಗಳ ಪಕ್ಕದಲ್ಲೇ ಸರಸನ ತುಳಸಿ. ಹಿತ್ತಲಲ್ಲಿ ಚೆನ್ನಾಗಿ ಬಿಸಿಲು ಬೀಳುವ ಮೂಲೆ ಅದೊಂದೇ. ಸಂಜೆ ತುಳಸಿಗೆ ದೀಪ ಬೇಡವೇ? ಎಣ್ಣೆ ದೀಪ ಹಚ್ಚಿದರೆ ಗಾಳಿಗೆ ಆರುತ್ತದೆ, ಕುಂಡ ಇಟ್ಟ ಜಗಲಿಯೆಲ್ಲ ಮರದ್ದು, ಬೆಂಕಿಯ ಭಯ. ಅದಕ್ಕೆ ಸರಸ ತುಳಸಿಯ ಮೇಲೊಂದು ವಿದ್ಯುತ್ ಬಲ್ಬು ತೂಗುಹಾಕಿದ್ದಳು. ಸಂಜೆ ಅದನ್ನು ಹಾಕುವುದು, ಬೆಳಗ್ಗೆ ಆರಿಸುವುದು ನನ್ನ ಪಾಲು. ಭಕ್ತಿಯಿಂದ ಮಾಡಿದೆ. ಒಂದು ದಿನವೂ ತಪ್ಪಿಸಲಿಲ್ಲ.

ಆಗಸ್ಟ್ ಹೊತ್ತಿಗೆ ಮೂರೂ ಗಿಡ ದಟ್ಟ ಹಸುರಾಗಿ, ಬಸುರಿಯರ ಹಾಗೆ ತುಂಬಿಕೊಂಡು ನಿಂತವು. ನನಗೆ ಹಿಡಿಸಲಾರದಷ್ಟು ಹೆಮ್ಮೆ. ಅರ್ಲ್ ಮಾತ್ರ ಗಡ್ಡ ಕೆರೆದುಕೊಂಡು ಏನೋ ಹೇಳಿದರು.

"ಏನಂತೇ?"

"ಇಷ್ಟೊತ್ತಿಗೆ ಹೂವಿನ ಸುಳಿವು ಕಾಣಬೇಕಿತ್ತಂತೆ. ಈ ಜಾತಿಗೆ ತಡವಾಯ್ತಂತೆ." ಸರಸನ ಮುಖ ಇಳಿಯಿತು. "ಹೂ ತಡವಾದ್ರೆ ಹಿಮ ಬಿದ್ದುಬಿಡುತ್ತೆ ಅಕ್ಕ. ಎಲ್ಲ ಸುಟ್ಟುಹೋಗುತ್ತೆ."

ಕ್ಯಾರಿ: ಗೆರೆ ದಾಟಿ

ಅದೇ ಹೊತ್ತಿಗೆ ಪ್ರಯಾಣ ಹೊರಡಬೇಕಾಯಿತು. ದಕ್ಷಿಣದ ಡುಲುತ್‌ನಲ್ಲಿ ಸರಸನ ಗೆಳತಿ ವಿಮಲಾ ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆದಿದ್ದರು. ದಾರಿಯಲ್ಲಿ ಕ್ಯಾರಿಯಲ್ಲಿರುವ ಮಗಳು ಅನುವಿನ ಮನೆ. ನೀರು ಹಾಕುವ ಕೆಲಸ ಅರ್ಲ್ ಒಪ್ಪಿಕೊಂಡರು. ತುಳಸಿಯ ಬಲ್ಬನ್ನೂ ಸಂಜೆ ಮರೆಯದೆ ಹಾಕಬೇಕೆಂದು ಸರಸನ ಕೈಲಿ ನಾನೇ ಹೇಳಿಸಿದೆ. "ಎಸ್ ಮ್ಯಾಮ್" ಅಂದರು ನನ್ನ ಕಡೆ ನೋಡಿ.

ವರ್ಜೀನಿಯಾ ಮುಗಿಯುವ ಮುನ್ನ ಸರಸ ಕಾರು ನಿಲ್ಲಿಸಿ ಕೈಚೀಲ, ಸೀಟಿನ ಸಂದು, ಕೋಟಿನ ಜೇಬು ಎಲ್ಲ ತಡಕಿದಳು. ಮದ್ದಿನ ಒಂದು ಚೂರೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಮುಂದೆ ಹೊರಟಳು. ಆಚೆ ಕೆರೊಲಿನಾದಲ್ಲಿ ಅದು ಅಪರಾಧ. ಮಡಿಯಲ್ಲಿ ಅಡುಗೆಮನೆಗೆ ಹೋಗುವ ಮುಂಚೆ ನಮ್ಮಜ್ಜಿ ಸೀರೆ ಕೊಡವಿ ನೋಡಿಕೊಳ್ಳುತ್ತಿದ್ದದ್ದು ನೆನಪಾಯಿತು. ನಾನು ಕಿಟಕಿಯಿಂದ ನೋಡಿದೆ. ಈಚೆಗೂ ಪೈನ್ ಮರ, ಆಚೆಗೂ ಪೈನ್ ಮರ. ಗೆರೆ ಎಲ್ಲೂ ಕಾಣಲಿಲ್ಲ. ಆದರೆ ಅದನ್ನು ದಾಟಿದ ಮೇಲೆ ನನ್ನ ತಂಗಿಗೆ ಮದ್ದಿಲ್ಲ.

ಅನು ಅಲ್ಲೇ ಹುಟ್ಟಿದವಳು. ಗಂಡ ಕಾರ್ತಿಕ್ ಮೈಸೂರಿನವನು, ಗ್ರೀನ್ ಕಾರ್ಡಿಗೆ ಕಾಯುತ್ತಿದ್ದಾನೆ. ಮಗಳು ತಾರಾಗೆ ಆರು ವರ್ಷ. ಬೀದಿ ಎಷ್ಟು ನಿಶ್ಶಬ್ದವೆಂದರೆ ನಾನು ಕೆಮ್ಮಿದರೆ ನಾಚಿಕೆಯಾಗುತ್ತಿತ್ತು. ಹಾಲು ತರಲಿಕ್ಕೂ ಕಾರು.

ಊಟಕ್ಕೆ ಕೂತಾಗ ಅನು ಶುರು ಮಾಡಿದಳು.

"ಅಮ್ಮಾ, ಸೀರಿಯಸ್ಲಿ? ನರ್ಸ್ ಆಗಿದ್ದವರು ನೀವು, ಬ್ಯಾಕ್‌ಯಾರ್ಡಲ್ಲಿ ಗಾಂಜಾ ಗ್ರೋ ಮಾಡ್ತಿದ್ದೀರಾ?"

"ನಾಲ್ಕು ಗಿಡದವರೆಗೆ ಲೀಗಲ್ಲು."

"ನಿಮಗೆ ಲೀಗಲ್ಲು. ಕಾರ್ತಿಕ್‌ದು ಇನ್ನೂ ಪ್ರೋಸೆಸ್ ಆಗ್ತಿದೆ. ತಾರಾನ ಆ ಮನೆಗೆ ಹೇಗೆ ಕರ್ಕೊಂಡು ಬರ್ಲಿ? ಆಮೇಲೆ ದೊಡ್ಡಮ್ಮನ್ನ ಬೇರೆ ಇನ್‌ವಾಲ್ವ್ ಮಾಡಿದ್ದೀರ!"

"ನಾನು ಮುಟ್ಟಿಲ್ಲಮ್ಮ" ಅಂದೆ. ಅಷ್ಟೇ ಬಂತು.

ತಾರಾ ನನ್ನ ಮುಖವನ್ನೇ ನೋಡುತ್ತಿದ್ದಳು. "ದೊಡ್ಡಜ್ಜಿ, ಯೂ ಡೋಂಟ್ ಟಾಕ್?"

"ಮಾತಾಡ್ತೀನಿ ಪುಟ್ಟ."

"ಯಾವಾಗ?"

ಎಲ್ಲರೂ ನಕ್ಕರು, ಅನು ಕೂಡ. ಆದರೆ ಜಗಳ ಮುಗಿಯಲಿಲ್ಲ. ಗಿಡಗಳು ಇರುವವರೆಗೆ ಆ ಮನೆಗೆ ಮಗುವನ್ನು ತರುವುದಿಲ್ಲ ಅಂದುಬಿಟ್ಟಳು. ಸರಸ ತಟ್ಟೆಯತ್ತ ನೋಡುತ್ತಾ ಅನ್ನ ಕಲಸುತ್ತಿದ್ದಳು, ಬೆರಳು ಮಡಚಲು ಬರುತ್ತಿರಲಿಲ್ಲ.

ಬೆಳಗ್ಗೆ ನಾನು ಎದ್ದು ಕೆಳಗೆ ಬಂದರೆ ಸರಸ ಅಡುಗೆಮನೆಯ ಸಿಂಕಿನ ಮುಂದೆ ನಿಂತಿದ್ದಾಳೆ. ಬಿಸಿನೀರು ತುಂಬಿದ ಪಾತ್ರೆಯಲ್ಲಿ ಎರಡೂ ಕೈ. ಕಣ್ಣು ಕೆಂಪಗೆ. ಮಲಗಿಲ್ಲ ಅಂತ ಕೇಳದೆಯೇ ತಿಳಿಯಿತು. ಮೆಟ್ಟಿಲ ಮೇಲೆ ಅನು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಮ್ಮಾ, ಎವ್ರಿ ನೈಟ್ ಹೀಗೇನಾ?"

"ಇದು ಬೇಸಿಗೆ" ಅಂದಳು ಸರಸ. "ಚಳಿಗಾಲದಲ್ಲಿ ನೀನು ನೋಡಿಲ್ಲ."

ಅನು ಮೆಟ್ಟಿಲಿಳಿದು ಬಂದಳು. ಇನ್ನೊಂದು ಪಾತ್ರೆ ನೀರು ಬಿಸಿಗಿಟ್ಟಳು.

ಡುಲುತ್: ವರಮಹಾಲಕ್ಷ್ಮಿಯ ಶುಕ್ರವಾರ

ಡುಲುತ್ ಅಟ್ಲಾಂಟಾ ಪಕ್ಕದ ಊರು. ಅಲ್ಲಿನ ಅಂಗಡಿ ಬೀದಿಯಲ್ಲಿ ಕೊರಿಯಾದ ಅಕ್ಷರ, ಚೀನಾದ ಅಕ್ಷರ, ನಡುನಡುವೆ ನಮ್ಮ ದೋಸೆ ಹೋಟೆಲು. ವಿಮಲಾ ಅವರ ಮನೆಯಲ್ಲಿ ಕಳಸಕ್ಕೆ ಸೀರೆ ಉಡಿಸಿದ್ದನ್ನು ನೋಡಿದರೆ ನಮ್ಮೂರಲ್ಲೂ ಯಾರೂ ಅಷ್ಟು ನೆರಿಗೆ ಹಿಡಿಯುವುದಿಲ್ಲ. ಮನೆ ತುಂಬ ರೇಷ್ಮೆ ಸೀರೆ, ಬಳೆ, ನಗು.

ಅಂಥ ಕಡೆ ನಾನು ಎಲ್ಲಿ ಕೂರುತ್ತೇನೆಂದು ನಿಮಗೆ ಗೊತ್ತು. ನಿಮ್ಮ ತಾತ ಹೋದ ಮೇಲೆ ಮುತ್ತೈದೆಯರ ಪೂಜೆಯಲ್ಲಿ ಮುಂದೆ ಕೂತು ಅಭ್ಯಾಸವಿಲ್ಲ. ಯಾರೂ ಏನೂ ಅನ್ನಲಿಲ್ಲ, ಸರಸ ಕೈ ಹಿಡಿದು ಎಳೆದಳು ಕೂಡ. ನಾನೇ ಮೆಲ್ಲಗೆ ಜಾರಿಕೊಂಡು ಮುಂಬಾಗಿಲ ಮೆಟ್ಟಿಲ ಮೇಲೆ ಕೂತೆ.

ಅಲ್ಲಿ ಸೇವಂತಿಗೆಯ ಕುಂಡಗಳಿದ್ದವು. ಹಳೆಯ ನೆಂಟರನ್ನು ಕಂಡ ಹಾಗಾಯಿತು. ಒಂದೊಂದನ್ನೂ ಮುಟ್ಟಿ ನೋಡಿದೆ, ಇವನ್ನು ಮುಟ್ಟಲು ಯಾವ ಕಾನೂನೂ ಅಡ್ಡವಿಲ್ಲ. ಮೂಲೆಯ ಕುಂಡಗಳಲ್ಲಿ ಕಡಲೆ ಕಾಳಿನಷ್ಟು ಮೊಗ್ಗು. ಬಾಗಿಲ ಹತ್ತಿರದ ಎರಡರಲ್ಲಿ ಮೊಗ್ಗೇ ಇಲ್ಲ, ಬರೀ ಎಲೆ, ದಟ್ಟ ಹಸುರು. ಒಂದೇ ಮಣ್ಣು, ಒಂದೇ ನೀರು. ಯಾಕೆ ಹೀಗೆ ಅಂತ ತಲೆಯೆತ್ತಿದೆ. ಆ ಎರಡರ ಮೇಲೆ ನೇರಕ್ಕೆ ಬಾಗಿಲ ದೀಪ. ಹಗಲಲ್ಲೂ ಉರಿಯುತ್ತಿತ್ತು.

ಹಿಡಿದಿದ್ದ ಕೊಂಬೆ ಬಿಟ್ಟುಬಿಟ್ಟೆ.

ಮಕ್ಕಳೇ, ನಮ್ಮ ತೋಟದಲ್ಲಿ ಸಾಲು ಸಾಲಾಗಿ ಬಲ್ಬು ಕಟ್ಟಿದ್ದು ನಿಮಗೆ ನೆನಪಿದೆಯಲ್ಲ? ಬೆಂಗಳೂರಿನಿಂದ ಬಂದವರು "ಹೊಲದಲ್ಲಿ ಮದುವೆನಾ" ಅಂತ ಕೇಳುತ್ತಿದ್ದರು. ಸೇವಂತಿಗೆ ಇರುಳು ಉದ್ದವಾದರೆ ಮಾತ್ರ ಹೂ ಬಿಡುವ ಗಿಡ. ಬೆಳಕು ಬಿದ್ದರೆ ಇನ್ನೂ ಹಗಲು ಅಂದುಕೊಂಡು ಎಲೆ ಬಿಡುತ್ತಲೇ ಇರುತ್ತದೆ. ಹಬ್ಬಕ್ಕೆ ಸರಿಯಾಗಿ ಹೂ ಬರಲೆಂದು ನಾವೇ ಬೆಳಕು ಕೊಟ್ಟು ತಡೆಯುತ್ತಿದ್ದೆವು. ಭಂಗಿಯೂ ಅದೇ ಗುಣದ್ದು, ಇರುಳು ಬೇಡುವ ಗಿಡ. ಅದರ ತಲೆಯ ಮೇಲೆ ತುಳಸಿಯ ನೆಪದಲ್ಲಿ ಇಡೀ ರಾತ್ರಿ ಬಲ್ಬು ಉರಿಸುತ್ತಿದ್ದವಳು ನಾನು! ಹೂ ಹೇಗೆ ಬಂದೀತು? ಈಗಲೂ ಅರ್ಲ್ ಅಲ್ಲಿ ನನ್ನ ಮಾತು ಉಳಿಸಿಕೊಂಡು ದಿನವೂ ಅದನ್ನು ಹಾಕುತ್ತಿರಬೇಕು.

ಎದ್ದವಳೇ ಒಳಗೆ ನುಗ್ಗಿದೆ. ಆರತಿಗೆ ಎಲ್ಲರೂ ಎದ್ದು ನಿಂತಿದ್ದರು, ಹಾಡು ಆಗಷ್ಟೇ ಮುಗಿದಿತ್ತು. ಸರಸ ಕಳಸದ ಪಕ್ಕದಲ್ಲಿದ್ದಳು. ನಾನು ಬಾಗಿಲಲ್ಲೇ ನಿಂತು, ಎಂದೂ ಎತ್ತದ ದನಿ ಎತ್ತಿ ಕೂಗಿದೆ.

"ಸರಸೀ! ದೀಪ ಆರಿಸೇ! ಬೇಗ ದೀಪ ಆರಿಸೋಕೆ ಹೇಳೇ!"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಲಕ್ಷ್ಮಿಯ ಹಬ್ಬ, ಎರಡು ಕಡೆ ನಂದಾದೀಪ, ನಡುವೆ ಬೋಳು ಹಣೆಯ ಮುದುಕಿ ದೀಪ ಆರಿಸು ಅಂತ ಕಿರುಚುತ್ತಿದ್ದಾಳೆ. ನಮ್ಮಲ್ಲಿ ದೀಪ ಶಾಂತವಾಗಲಿ ಅಂತಾರೆಯೇ ಹೊರತು ಆ ಮಾತು ಯಾರೂ ಬಾಯಲ್ಲಿ ಆಡುವುದಿಲ್ಲ. ಒಬ್ಬ ಆಂಟಿ ಎರಡೂ ಕೈ ಅಡ್ಡ ಹಿಡಿದು ದೀಪದ ಮುಂದೆ ನಿಂತೇಬಿಟ್ಟರು, ನಾನು ಬಂದು ಊದಿಬಿಡುತ್ತೇನೋ ಎಂಬಂತೆ.

"ಈ ದೀಪ ಅಲ್ಲ! ಗಿಡದ ದೀಪ! ತುಳಸಿ ದೀಪ!" ಅಂದೆ. ಅದು ಇನ್ನೂ ಕೆಟ್ಟದಾಯಿತು.

"ಅಯ್ಯೋ ರಾಮ, ತುಳಸಿದೂ ಆರಿಸಬೇಕಂತೆ" ಅಂದರು ಹಿಂದಿನಿಂದ ಯಾರೋ.

ಸರಸ ಮಾತ್ರ, ಊರಿಗೆ ಬಂದಾಗ ನಮ್ಮ ತೋಟದ ಬಲ್ಬು ಕಂಡವಳು, ನನ್ನ ಮುಖ ನೋಡಿದ್ದೇ ಅರ್ಥ ಮಾಡಿಕೊಂಡಳು. ಫೋನ್ ತೆಗೆದು ಅರ್ಲ್‌ಗೆ ಮಾಡಿದಳು. ಬಲ್ಬು ತೆಗೆದುಬಿಡಿ, ಇನ್ನು ಹಾಕಲೇಬೇಡಿ ಅಂದಳು. ಅತ್ತಲಿಂದ ಅವರ ದೊಡ್ಡ ನಗು ಕೋಣೆಗೆಲ್ಲ ಕೇಳಿತು.

"ನಿಮ್ಮ ಮನೇಲಿ ಗಾಂಜಾ ಬೆಳೀತೀರಂತೆ, ನಿಜಾನಾ ಸರಸಾ?" ಅಂದರು ದೀಪ ಕಾಯುತ್ತಿದ್ದ ಆಂಟಿ. "ನಾವು ಕೇಳಿದ್ವಿ, ನಂಬಿರಲಿಲ್ಲ. ನಮ್ಮಂಥ ಮನೆಯವರು..."

ಸರಸನ ಕೈ ಸೆರಗಿನೊಳಗೆ ಸೇರಿಕೊಂಡಿತ್ತು. ನನಗೆ ಅದು ಕಂಡಿತು. ಆಮೇಲೆ ನಾನು ಮಾತಾಡಿದೆ. ಅಷ್ಟು ಜನರ ಮುಂದೆ. ಹೇಗೆ ಅಂತ ಕೇಳಬೇಡಿ.

"ಬೆಳೀತೀವಿ ಕಣಮ್ಮ. ಕಾನೂನು ಬಿಟ್ಟಷ್ಟೇ ಬೆಳೀತೀವಿ, ಡಾಕ್ಟರಿಗೆ ಹೇಳಿ ಬೆಳೀತೀವಿ. ಇವಳ ಕೈ ನೋಡಿ. ಎಷ್ಟೋ ಜನರನ್ನ ಮಲಗಿಸಿದ ಕೈ ಇದು. ಇವಳಿಗೇ ಮಲಗೋಕೆ ಆಗಲ್ಲ. ಗಿಡ ಚೆನ್ನಾಗಿ ಬಂದಿತ್ತು, ನಾನು ದೀಪ ಹಾಕಿ ಕೆಡಿಸಿದೆ. ಇನ್ನೂ ಹೊತ್ತಿದೆ, ಹೂ ಬರಿಸ್ತೀನಿ."

ವಿಮಲಾ ಅವರು ಕಳಸದ ಮುಂದಿನ ತಟ್ಟೆಯಿಂದ ಒಂದು ಮೊಳ ಸೇವಂತಿಗೆ ತಂದು ನನ್ನ ಕೈಗಿಟ್ಟರು. "ಬೆಳೆಯೋರ ಕೈಗೆ ಹೂ ಕೊಡೋಕೆ ಶಾಸ್ತ್ರ ಏನು ನೋಡೋದು, ತಗೊಳ್ಳಿ ಅಕ್ಕಾ" ಅಂದರು. ದೀಪದ ಆಂಟಿ ಊಟದ ಹೊತ್ತಿಗೆ ನನ್ನ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು, ಮೆಲ್ಲಗೆ, "ನಂಗೂ ಮಂಡಿ ನೋವು" ಅಂದರು. "ಡಾಕ್ಟರನ್ನ ಕೇಳಿ. ಇಲ್ಲಿ ಬೆಳೆದೀರಾ ಮತ್ತೆ, ನಿಮ್ಮ ರಾಜ್ಯದಲ್ಲಿ ಜೈಲು" ಅಂದಳು ಸರಸ ಎದುರಿನಿಂದ.

ಮತ್ತೆ ಆಲ್ಡಿ: ಜೇನಿನ ಬಣ್ಣ

ಕತ್ತಲೆ ಸಿಕ್ಕ ಮೇಲೆ ಗಿಡಗಳು ಮೋಸ ಮಾಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಗೆಣ್ಣು ಗೆಣ್ಣಿಗೂ ಬಿಳಿ ಕೂದಲು ಮೂಡಿತು. ದಳವಿಲ್ಲದ ಹೂವು ಅದು. ದಿನದಿಂದ ದಿನಕ್ಕೆ ಒಂದರ ಮೇಲೊಂದು ಒತ್ತಿಕೊಂಡು ಮುಷ್ಟಿಯ ಹಾಗೆ ಗಟ್ಟಿಯಾಯಿತು. ವಾಸನೆಯೋ, ಮಾವಿನ ಸೊನೆಗೆ ಸೀಮೆಎಣ್ಣೆ ಬೆರೆಸಿದ ಹಾಗೆ. ಬೇಸಿಗೆಯಲ್ಲಿ ವಾಷಿಂಗ್ಟನ್ನಿಗೆ ಗುಮ್ಮಟ ನೋಡಲು ಹೋದಾಗ ಬೀದಿಯ ತಿರುವುಗಳಲ್ಲಿ ಮೂಗಿಗೆ ಬಡಿದದ್ದು ಇದೇ ಎಂದು ಈಗ ಗೊತ್ತಾಯಿತು. ತುಳಸಿಗೆ ಸಂಜೆ ನಮಸ್ಕಾರ ಮಾತ್ರ. ಅವಳೇನೂ ಮುನಿಸಿಕೊಳ್ಳಲಿಲ್ಲ.

ಒತ್ತಾದ ಹೂವಿಗೆ ಮಳೆ ಶತ್ರು. ಮಳೆ ಬಂದಾಗಲೆಲ್ಲ ಅರ್ಲ್ ಕುಂಡಗಳನ್ನು ಗಾಡಿಯ ಮೇಲೆ ಎಳೆದು ಕಾರಿನ ಕೋಣೆಗೆ ಸೇರಿಸುವರು, ನಾನು ಮುಂದೆ ಮುಂದೆ ಬಾಗಿಲು ತೆರೆಯುತ್ತಿದ್ದೆ. ಆದರೂ ಒಂದು ಕೊಂಬೆಗೆ ಬೂದು ಬೂಷ್ಟು ಹತ್ತಿತು. "ಕತ್ತರಿಸು. ಇನ್ನೂ ಕೆಳಗೆ. ದಾಕ್ಷಿಣ್ಯ ಮಾಡಬೇಡ" ಅಂದೆ. ಸರಸ ಅಳುತ್ತಾ ಕತ್ತರಿಸಿದಳು.

ಅಕ್ಟೋಬರ್ ಕೊನೆಗೆ ಚಳಿ ಶುರುವಾಯಿತು. ಸರಸನ ಬೆರಳು ಮತ್ತೆ ಊದಿದವು. ಅಂಗಡಿಯ ಮದ್ದು ತಂದಳು, ಈ ಸಲ ಅದು ಹಿಡಿಯಲಿಲ್ಲ. ಒಂದು ಬೆಳಗ್ಗೆ ಕತ್ತರಿ ಹಿಡಿದು ಬೇಲಿಯೊಳಗೆ ಬಂದಳು.

"ಇವತ್ತು ಕುಯ್ದುಬಿಡ್ತೀನಿ."

"ಬಲಿತಿಲ್ಲ ಕಣೇ."

"ನಿಂಗೇನೇ, ನೋವು ನಿಂದಲ್ಲ. ಕುರ್ಚಿ ಮೇಲೆ ಕೂತು ಹೇಳ್ತೀಯ."

ಬೇರೆ ದಿನವಾಗಿದ್ದರೆ ನಾನು ಎದ್ದು ಒಳಗೆ ಹೋಗಿರುತ್ತಿದ್ದೆ. ಆವತ್ತು ಕೂತೇ ಇದ್ದೆ. "ನೋವು ನಂದಲ್ಲ, ನಿಜ" ಅಂದೆ. "ಗೊನೆ ಬಲಿಯೋಕೆ ಮುಂಚೆ ಕಡಿದರೆ ಹಣ್ಣಾಗಲ್ಲ, ಬಾಡುತ್ತೆ. ಇಡೀ ಚಳಿಗಾಲಕ್ಕೆ ನಿಂಗೆ ಇರೋದು ಇದಿಷ್ಟೇ. ಗಾಜು ಕೊಡು, ನೋಡ್ತೀನಿ."

ಒಡವೆ ಅಂಗಡಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಗಾಜು ಅವಳ ಬಳಿ ಇತ್ತು. ಅವಳು ಕೊಂಬೆ ಬಾಗಿಸಿ ಹಿಡಿದಳು, ನಾನು ಗಾಜು ಹಿಡಿದೆ. ಏನು ಹೇಳಲಿ! ಹೂವಿನ ಮೇಲೆಲ್ಲ ಗುಂಡುಸೂಜಿಯಂಥ ಸಾವಿರ ಕಂಬ, ತುದಿಯಲ್ಲಿ ಒಂದೊಂದು ಹನಿ. ಮದ್ದು ಇರುವುದು ಆ ಹನಿಯಲ್ಲಿ. ಮೊದಲು ನೀರಿನ ಹಾಗೆ ತಿಳಿಯಾಗಿರುತ್ತದೆ, ಆಮೇಲೆ ಹಾಲಿನ ಹಾಗೆ, ಬಲಿತಾಗ ಅಲ್ಲಲ್ಲಿ ಜೇನಿನ ಬಣ್ಣ. ನಮ್ಮದು ಇನ್ನೂ ಹಾಲು.

"ಜೇನು ಬರಲಿ" ಅಂದೆ. ಕತ್ತರಿಯನ್ನು ನೆಲಕ್ಕೆ ಬಿಸಾಕಿ ಒಳಗೆ ಹೋದಳು. ಆವತ್ತು ನನ್ನೊಡನೆ ಮಾತಾಡಲಿಲ್ಲ. ಮರುದಿನ ಕಾಫಿಯ ಜೊತೆ ಗಾಜನ್ನೂ ತಂದಿಟ್ಟಳು.

ಜೇನು ಬಂತು. ಕುಯ್ಯುವ ದಿನ ಬಾಗಿಲು ತಟ್ಟಿದ ಸದ್ದಾಯಿತು, ನೋಡಿದರೆ ಅನು. ತಾರಾಳನ್ನು ಅಪ್ಪನ ಬಳಿ ಬಿಟ್ಟು ಒಬ್ಬಳೇ ಕ್ಯಾರಿಯಿಂದ ಡ್ರೈವ್ ಮಾಡಿಕೊಂಡು ಬಂದಿದ್ದಳು. "ಅಮ್ಮ ಕಟ್ ಮಾಡೋದು ಬೇಡ ದೊಡ್ಡಮ್ಮ, ನಾನು ಮಾಡ್ತೀನಿ. ನೀವು ಹೇಳ್ತಾ ಹೋಗಿ." ಹೇಳಿದೆ. ಕೊಂಬೆಗಳನ್ನು ಒಳಗಿನ ಕತ್ತಲ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿಸಿದೆ, ನಿಧಾನ ಒಣಗಲೆಂದು. ಅರ್ಲ್ ಬಂದು, ಮೂಸಿ ನೋಡಿ, ನನ್ನತ್ತ ತಿರುಗಿ, ಟೋಪಿ ತೆಗೆದು ಎದೆಗೆ ಹಿಡಿದರು. ಅದರ ಅರ್ಥ ಯಾರೂ ಹೇಳಬೇಕಾಗಲಿಲ್ಲ. ಸತ್ಯ ಹೇಳುತ್ತೇನೆ, ನಿಮ್ಮ ತಾತ ಮೊದಲ ಸಲ ಹೂವಿನ ಮಾರುಕಟ್ಟೆಯಲ್ಲಿ ಎಲ್ಲ ಮಾರಿ ಖಾಲಿ ಚೀಲ ಬೀಸಿಕೊಂಡು ಬಂದ ದಿನದ ನಂತರ ನಾನು ಅಷ್ಟು ಬೀಗಿದ್ದಿಲ್ಲ.

ಹೊರಡುವ ಬೆಳಗ್ಗೆ

ಒಣಗಿದ ಹೂವನ್ನು ಸರಸ ಡಾಕ್ಟರಿಗೆ ತಿಳಿಸಿದ ಅಳತೆಯಲ್ಲೇ, ತುಪ್ಪದಲ್ಲಿ, ಸಾಸಿವೆಯಷ್ಟರಿಂದ ಶುರು ಮಾಡಿದಳು. ನಾನು ರುಚಿಯೂ ನೋಡಲಿಲ್ಲ, ನೋಡಬೇಕೆನಿಸಲೂ ಇಲ್ಲ. ಮದ್ದು ತೆಗೆದುಕೊಂಡ ಮರುದಿನ ಬೆಳಗ್ಗೆ ಅವಳು ಕಾರು ಮುಟ್ಟುತ್ತಿರಲಿಲ್ಲ.

ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಅರೆಬರೆ ನಿದ್ದೆ. ನಾನು ಬೆಳಗ್ಗೆ ಎದ್ದು ಬಂದಾಗಲೆಲ್ಲ ಅವಳು ಕುರ್ಚಿಯಲ್ಲೇ ಇರುತ್ತಿದ್ದಳು. ಅಷ್ಟೆಲ್ಲ ಕಷ್ಟಪಟ್ಟು ಬೆಳೆದದ್ದು ಅವಳ ಮೈಗೆ ಒಗ್ಗದೇ ಹೋಯಿತೇ ಅಂತ ನನಗೆ ಅದೇ ಚಿಂತೆ. ಅಳತೆಯನ್ನು ಅವಳು ಡಾಕ್ಟರನ್ನು ಕೇಳಿ ಕೇಳಿ ಕೂದಲೆಳೆಯಷ್ಟು ಏರಿಸುತ್ತಿದ್ದಳು. ಇಷ್ಟರಲ್ಲಿ ನಾನು ಊರಿಗೆ ಹೊರಡುವ ದಿನ ಬಂದೇಬಿಟ್ಟಿತು.

ಬೆಳಗಿನ ವಿಮಾನ. ಅರ್ಲ್ ತಮ್ಮ ಗಾಡಿಯಲ್ಲಿ ಬಿಡುವುದು, ಸರಸ ಜೊತೆಗೆ ಬಂದು ನಿಲ್ದಾಣದ ಒಳಗಿನ ವ್ಯವಸ್ಥೆಯೆಲ್ಲ ಮಾಡಿಸಿ ಕಳಿಸುವುದು ಅಂತ ಮಾತಾಗಿತ್ತು. ನಾನು ಸ್ನಾನ ಮಾಡಿ, ಸೀರೆಯುಟ್ಟು, ಕಾಫಿ ಬೆರೆಸಿ ನೋಡಿದರೆ ಕುರ್ಚಿ ಖಾಲಿ. ಅವಳ ಕೋಣೆಯ ಬಾಗಿಲು ಸರಿಸಿದೆ.

ಹಾಸಿಗೆಯ ಮೇಲೆ ಮಲಗಿದ್ದಳು. ಬೋರಲಾಗಿ, ಬಾಯಿ ತೆರೆದು, ದಿಂಬಿನ ಮೇಲೆ ಸ್ವಲ್ಪ ಜೊಲ್ಲು. ಚಿಕ್ಕವಳಿದ್ದಾಗ ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಹಾಗೇ ಮಲಗುತ್ತಿದ್ದಳು. ಒಂದು ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು, ಬೆರಳು ಸಡಿಲವಾಗಿ ಬಿಚ್ಚಿಕೊಂಡಿದ್ದವು. ಹೊರಗೆ ಅರ್ಲ್ ಗಾಡಿ ಶುರು ಮಾಡಿದ ಸದ್ದು. ನಾನು "ಸರ" ಅಂತ ಅಂದೆ. ಉಳಿದ ಅಕ್ಷರ ನುಂಗಿಕೊಂಡೆ. ಬಾಗಿಲು ಮುಂದಕ್ಕೆಳೆದು, ಕಾಫಿಯ ಮೇಲೆ ತಟ್ಟೆ ಮುಚ್ಚಿ, ಪೆಟ್ಟಿಗೆ ಎಳೆದುಕೊಂಡು ಹೊರಬಂದೆ.

ಅರ್ಲ್ ನನ್ನ ಹಿಂದೆ ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. "ಶಿ ಸ್ಲೀಪಿಂಗ್" ಅಂದೆ. ಅವರು ಬಾಗಿಲನ್ನೂ ಸದ್ದಾಗದ ಹಾಗೆ ಹಾಕಿಕೊಂಡರು. ದಾರಿಯುದ್ದ ಅವರು ಏನೇನೋ ಮಾತಾಡಿದರು, ನಾನು ಬಂದಷ್ಟು ಉತ್ತರ ಕೊಟ್ಟೆ. ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿಗೆ ನಾನೇ ಪಾಸ್‌ಪೋರ್ಟು ಕೊಟ್ಟು, ಕಿಟಕಿಯ ಸೀಟು ಬೇಕೆಂದು ನಾನೇ ಕೇಳಿದೆ. ಕೊಟ್ಟಳು.

ವಿಮಾನದ ಬಾಗಿಲ ಬಳಿ ಸಾಲಿನಲ್ಲಿ ನಿಂತಿದ್ದಾಗ ಫೋನ್ ಬಂತು.

"ಏನೇ ಅಕ್ಕ! ಹೇಳದೆ ಕೇಳದೆ ಹೋಗಿಬಿಟ್ಯಲ್ಲೇ! ಒಂದು ಸಲ ಎಬ್ಬಿಸಬಾರದಿತ್ತಾ? ಅಷ್ಟು ದೂರದಿಂದ ಬಂದವಳನ್ನ ಬಾಗಿಲವರೆಗೂ ಕಳಿಸಿಕೊಡಲಿಲ್ಲ ನಾನು. ಮತ್ತೆ ಯಾವಾಗ ನೋಡ್ತೀನೋ ಏನೋ. ನಿಂಗೆ ಬುದ್ಧಿ ಇದೆಯೇನೇ?"

ಬಯ್ಯುತ್ತಲೇ ಅಳುತ್ತಿದ್ದಳು. ಅವಳು ಉಸಿರು ತೆಗೆದುಕೊಳ್ಳುವವರೆಗೆ ಕಾದೆ.

"ನಿದ್ದೆ ಬಂತಾ ಸರಸಿ?"

ಸಾಲು ಮುಂದೆ ಸರಿಯಿತು, ನಾನೂ ಸರಿದೆ.

"ಬಂತು ಕಣೇ" ಅಂದಳು. "ಹೊತ್ತು ಹುಟ್ಟಿದ್ದೇ ಗೊತ್ತಾಗಲಿಲ್ಲ."